ಎಡಗಡೆ ಕುಳಿತವನ ಕಾಲು

ಹೊರಡುವ ಮುನ್ನ, ಬೈಲಹೊಂಗಲ

ಅಮೆರಿಕದ ಫುಟ್‌ಬಾಲ್ ನನಗೆ ತಿಳಿಯದು. ಹೋಗುವ ಮೊದಲು ತಿಳಿದಿರಲಿಲ್ಲ, ನೋಡಿ ಬಂದ ಮೇಲೂ ಪೂರ್ತಿ ತಿಳಿದಿದೆ ಎನ್ನಲಾರೆ. ಆದರೆ ಅಲ್ಲಿನ ಒಂದು ತಂಡ ತನ್ನ ಆಟಗಾರರಲ್ಲಿ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂದು ತೀರ್ಮಾನಿಸುವ ವಾರದಲ್ಲಿ ನಾನು ಆ ತಂಡದ ಅಂಗಳದಲ್ಲಿದ್ದೆ. ಕಂಡದ್ದನ್ನು ಬರೆಯುತ್ತಿದ್ದೇನೆ.

ಹೋಗಲು ಕಾರಣ ನನ್ನ ಅಣ್ಣನ ಮಗಳು ಶೈಲಾ. ದೊಡವಾಡದಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಫಿಜಿಯೋಥೆರಪಿ ಓದಿ, ಈಗ ಒಂದು ವೃತ್ತಿಪರ ತಂಡದಲ್ಲಿ ಆಟಗಾರರ ಗಾಯ ನೋಡಿಕೊಳ್ಳುವ ಗುಂಪಿನಲ್ಲಿದ್ದಾಳೆ. ನಮ್ಮದು ಪಂಚಾಂಗ ನೋಡಿ ಮುಹೂರ್ತ ಹೇಳುವ ಮನೆತನ. ಅವಳ ಅಜ್ಜಿ, ಅಂದರೆ ನನ್ನ ತಾಯಿ, ಈ ಕೆಲಸದ ಸುದ್ದಿ ಕೇಳಿ ಹೇಳಿದ್ದು ಇಷ್ಟು: "ಮಂದಿ ಕಾಲು ತಿಕ್ಕಲಿಕ್ಕ ಅಷ್ಟು ದೂರ ಯಾಕ ಹೋಗಬೇಕಾಗಿತ್ತವಾ? ನನ್ನ ಕಾಲು ಇಲ್ಲೇ ಇದ್ದುವಲ್ಲ."

ಈ ವರ್ಷ ಪತ್ರಿಕೆಯ ಕೆಲಸಕ್ಕೆ ರಜೆ ಸಿಕ್ಕಿದೆ ಎಂದು ಶೈಲಾಗೆ ಫೋನಿನಲ್ಲಿ ಹೇಳಿದೆ.

"ಬರ್ರಿ ಕಾಕಾ. ಆದ್ರ ಒಂದು ಮಾತು. ತಂಡದ ಹೆಸರು ಬರಿಯಂಗಿಲ್ಲ. ಹುಡುಗರ ಹೆಸರೂ ಬರಿಯಂಗಿಲ್ಲ. ಆಟದ ಹಂಗಾಮು ಮುಗಿಯೂ ತನಕ ಏನೂ ಬರಿಯಂಗಿಲ್ಲ."

"ಮತ್ತ ನಾ ಬಂದು ಏನು ಮಾಡಲಿ?"

"ನೋಡ್ರಿ. ಜನ್ಮದಾಗ ಒಮ್ಮೆ ಬರೀದ ಸುಮ್ಮನ ನೋಡ್ರಿ."

ಷರತ್ತು ಪಾಲಿಸಿದ್ದೇನೆ. ಹಂಗಾಮು ಮುಗಿದಿದೆ. ಇಲ್ಲಿ ಬರುವ ಆಟಗಾರರ ಹೆಸರು ಅವರವಲ್ಲ.

ಇನ್ನೊಂದು ಮಾತು. ಅಲ್ಲಿಯವರ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿತ್ತು. ಉಳಿದರ್ಧವನ್ನು ಶೈಲಾ ನಮ್ಮ ಮಾತಿಗೆ ತಿರುಗಿಸಿ ಹೇಳುತ್ತಿದ್ದಳು. ಹಾಗಾಗಿ ಅಲ್ಲಿನ ಎಲ್ಲರೂ ನನ್ನ ನೆನಪಿನಲ್ಲಿ ದೊಡವಾಡದವರ ಹಾಗೆಯೇ ಮಾತನಾಡುತ್ತಾರೆ. ಇಲ್ಲಿಯೂ ಹಾಗೆಯೇ ಬಿಟ್ಟಿದ್ದೇನೆ.

ಊಟದ ಮನೆ

ಮೊದಲ ದಿನವೇ ನನ್ನ ಕೈಚೀಲ ವಿಚಾರಣೆಗೆ ಒಳಗಾಯಿತು. ಅದರಲ್ಲಿ ಶೇಂಗಾ ಉಂಡಿಯಿತ್ತು, ಶೇಂಗಾ ಹೋಳಿಗೆಯಿತ್ತು, ಶೇಂಗಾ ಚಟ್ನಿಯ ಡಬ್ಬಿಯಿತ್ತು. ತಂಡದ ಊಟೋಪಚಾರ ನೋಡಿಕೊಳ್ಳುವ ಹೆಣ್ಣುಮಗಳು ಮೂರನ್ನೂ ಒಂದೊಂದಾಗಿ ಮೂಸಿ ನೋಡಿ, ಶೈಲಾಳನ್ನು ಪಕ್ಕಕ್ಕೆ ಕರೆದಳು. ತಂಡದಲ್ಲಿ ಒಬ್ಬನಿಗೆ ಶೇಂಗಾ ಆಗಿಬರುವುದಿಲ್ಲ. ವಾಸನೆ ಬಡಿದರೂ ಗಂಟಲು ಕಟ್ಟುತ್ತದೆ. ಅವನೊಬ್ಬನ ಸಲುವಾಗಿ ಇಡೀ ಕಟ್ಟಡದಲ್ಲಿ ಶೇಂಗಾ ನಿಷಿದ್ಧ.

"ಶೇಂಗಾ ಬಿಟ್ಟು ಬ್ಯಾರೆ ಏನರ ತಂದೀರೇನು?" ಎಂದು ಕೇಳಿದಳಂತೆ.

ನಮ್ಮ ಕಡೆಯಿಂದ ಹೊರಟವನ ಚೀಲದಲ್ಲಿ ಶೇಂಗಾ ಬಿಟ್ಟರೆ ಉಳಿಯುವುದು ಪಂಜೆ ಮತ್ತು ಟವೆಲ್. ನಾನು ಡಬ್ಬಿಗಳನ್ನು ಶೈಲಾಳ ಕಾರಿನಲ್ಲಿಟ್ಟು ಬಂದು, ಸೋಪು ಹಚ್ಚಿ ಕೈ ತೊಳೆದು, ಆ ಹೆಣ್ಣುಮಗಳಿಗೆ ತೋರಿಸಿದೆ. ಅವಳು ನಗಲಿಲ್ಲ. ಬೆರಳ ಸಂದಿ ನೋಡಿ, ಆಗಲಿ ಎಂದು ತಲೆಯಾಡಿಸಿದಳು. ತೊಂಬತ್ತು ಮಂದಿ ದೈತ್ಯರು ಊಟ ಮಾಡುವ ಮನೆಯಲ್ಲಿ ಒಬ್ಬನ ಗಂಟಲಿಗೆ ಇಷ್ಟು ಕಾವಲು. ನನಗೆ ಅವಮಾನವೆನಿಸಲಿಲ್ಲ, ಗೌರವವೆನಿಸಿತು.

ಮೈದಾನ

ಶಿರಸ್ತ್ರಾಣ ಹಾಕಿಕೊಂಡ ಮೇಲೆ ಎಲ್ಲರೂ ಒಂದೇ. ಅಂಗಿಯ ನಂಬರಿನಿಂದ ಗುರುತಿಸೋಣ ಎಂದರೆ, ಈ ದಿನಗಳಲ್ಲಿ ಇಬ್ಬಿಬ್ಬರಿಗೆ ಒಂದೇ ನಂಬರು ಇರುತ್ತದೆ. ಮಂದಿ ಅಷ್ಟು ಹೆಚ್ಚು. ಹಂಗಾಮು ಶುರುವಾಗುವ ಮುನ್ನ ತೊಂಬತ್ತರಲ್ಲಿ ಐವತ್ಮೂರು ಮಂದಿಯನ್ನಷ್ಟೇ ಉಳಿಸಿಕೊಳ್ಳಬೇಕು. ಶೈಲಾ ನನಗೆ ರಿಸೀವರ್‌ಗಳನ್ನು ಮಾತ್ರ ತೋರಿಸಿದಳು, ಅಂದರೆ ಓಡಿಹೋಗಿ ಚೆಂಡು ಹಿಡಿಯುವವರನ್ನು. ಅದೇ ವಾರ ಅವರ ಗುಂಪಿನಲ್ಲಿ ತಾಪತ್ರಯ ಎದ್ದಿತ್ತು.

ಚೆಂಡು ಹಿಡಿಯುವುದು ನಾನು ಅಂದುಕೊಂಡ ಹಾಗಿಲ್ಲ. ರಿಸೀವರ್ ಎಷ್ಟು ದೂರ ಓಡಿ ಎಲ್ಲಿ ತಿರುಗಬೇಕು ಎಂಬುದು ಮೊದಲೇ ನಿಗದಿಯಾಗಿರುತ್ತದೆ. ಅವನು ತಿರುಗುವ ಮೊದಲೇ ಎಸೆಯುವವನು ಚೆಂಡನ್ನು ಎಸೆದಿರುತ್ತಾನೆ, ಯಾರೂ ಇಲ್ಲದ ಜಾಗಕ್ಕೆ. ಸವದತ್ತಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆಯುವ ನಮ್ಮವರಿಗೆ ಈ ತತ್ವ ಸುಲಭವಾಗಿ ತಿಳಿಯುತ್ತದೆ. ವ್ಯತ್ಯಾಸವೆಂದರೆ, ಇಲ್ಲಿ ಎಸೆದವನ ಬದಲು ಇನ್ನೊಬ್ಬ ಹೋಗಿ ಕೂರಬೇಕು, ಅದೂ ಕಣ್ಣು ಮಿಟುಕಿಸುವುದರೊಳಗೆ. ಅರ್ಧ ಹೆಜ್ಜೆ ತಡವಾದರೆ ಚೆಂಡು ಎದುರಾಳಿಯ ಪಾಲು.

ಆದ್ದರಿಂದ ಎಲ್ಲವೂ ಕಾಲಿನ ಮೇಲೆ ನಿಂತಿದೆ, ಮತ್ತು ಕಾಲುಗಳು ಕೈಕೊಡುತ್ತವೆ. ಮೊದಲ ಸಾಲಿನ ಇಬ್ಬರು ರಿಸೀವರ್‌ಗಳು ಗಾಯವಾಗಿ ಆಗಲೇ ಹೊರಗೆ ಕೂತಿದ್ದರು. ಒಬ್ಬನಿಗೆ ಪಾದದ ಕೀಲು, ಇನ್ನೊಬ್ಬನಿಗೆ ಭುಜದ ಎಲುಬು. ಅವರ ಹಿಂದಿನ ಸಾಲಿನಲ್ಲಿದ್ದ ಇಬ್ಬರು ಈ ಕಥನಕ್ಕೆ ಮುಖ್ಯರು. ರೂಬೆನ್ ಹತ್ತು ವರ್ಷಕ್ಕೂ ಹೆಚ್ಚು ಆಡಿದವನು, ಗಡ್ಡದಲ್ಲಿ ಬಿಳಿಕೂದಲು. ಮೂರು ಜಾಗಗಳಲ್ಲಿ ಯಾವುದಕ್ಕೆ ನಿಲ್ಲಿಸಿದರೂ ನಿಲ್ಲುತ್ತಾನೆ. ಡಿಪೋದಲ್ಲಿ ಎಲ್ಲ ರೂಟು ಬಲ್ಲ ಒಬ್ಬ ಬದಲಿ ಡ್ರೈವರ್ ಇರುತ್ತಾನಲ್ಲ, ಹುಣ್ಣಿಮೆಯ ಜಾತ್ರೆಗೆ ಗುಡ್ಡಕ್ಕೆ ಹೋಗುವ ಬಸ್ಸಿಗೂ ಅವನೇ, ಧಾರವಾಡದ ಬಸ್ಸಿಗೂ ಅವನೇ, ಹಾಗೆ. ಡೇರಿಯನ್ ಎರಡನೇ ವರ್ಷದವನು. ಗಾಳಿಯ ಹಾಗೆ ಓಡುತ್ತಾನೆ, ಆದರೆ ಒಂದೇ ರೂಟು ಗೊತ್ತು. ಉಳಿದ ರೂಟುಗಳನ್ನು ಅವನಿಗೆ ಕಲಿಸುತ್ತಿದ್ದವನು ರೂಬೆನ್. ಕಲಿತರೆ ಇವನ ಜಾಗಕ್ಕೇ ಬರುವ ಹುಡುಗನನ್ನು ಇವನೇ ಕೈಹಿಡಿದು ತಿದ್ದುವುದನ್ನು ನಾನು ಬೇಲಿಯ ಪಕ್ಕ ನಿಂತು ನೋಡಿದೆ.

ಮಧ್ಯಾಹ್ನದ ಹೊತ್ತಿಗೆ ಶೈಲಾ ಮಾತು ನಿಲ್ಲಿಸಿ ಡೇರಿಯನ್‌ನನ್ನೇ ನೋಡತೊಡಗಿದಳು.

"ಏನಾತು?" ಎಂದೆ.

"ಓಡಲಿಕ್ಕ ಹತ್ತ್ಯಾನ, ಆದ್ರ ಪೂರಾ ಹೆಜ್ಜಿ ಹಾಕವಲ್ಲ."

ಅಭ್ಯಾಸ ಮುಗಿದ ಮೇಲೆ ಅವನನ್ನು ಬೋರಲು ಮಲಗಿಸಿ, ಹಿಮ್ಮಡಿಗೆ ಕೈಯೊತ್ತಿ, ಮೇಲೆತ್ತು ಎಂದಳು. ಎತ್ತಿದ. ನೋವೇ ಎಂದು ಕೇಳಿದಳು. ಇಲ್ಲ ಎಂದ. ಮತ್ತೆ ಒತ್ತಿದಳು. ಮತ್ತೆ ಇಲ್ಲ ಎಂದ, ಮುಖವನ್ನು ಟವೆಲಿನಲ್ಲಿ ಹುದುಗಿಸಿಕೊಂಡು. ಕೊನೆಯ ಅಭ್ಯಾಸ ಪಂದ್ಯ ಹತ್ತಿರದಲ್ಲಿತ್ತು. ಅದರಲ್ಲಿ ಆಡಿದರೆ ಅವನ ಹೆಸರು ಐವತ್ಮೂರರೊಳಗೆ ಗಟ್ಟಿ ಎಂದು ಎಲ್ಲರೂ ಹೇಳುತ್ತಿದ್ದರು.

ಬೆಳಗಿನ ಕೋಣೆ

ರಿಸೀವರ್‌ಗಳ ಕೋಚ್ ದಿನದ ಪಾಠ ಶುರುಮಾಡುವ ಮೊದಲು ಒಂದು ಸುತ್ತು ನಡೆಸುತ್ತಾರೆ. ದೂರದ ಪತ್ರಕರ್ತನಿಗೆ ಇದೊಂದನ್ನು ತೋರಿಸಬೇಕು ಎಂದು ಅವರೇ ಶೈಲಾಗೆ ಹೇಳಿದ್ದರಂತೆ. ಬಾಗಿಲ ಬಳಿ ನನಗೊಂದು ಕುರ್ಚಿ ಹಾಕಿಸಿದ್ದರು.

ಸುತ್ತು ಹೀಗಿದೆ. ಎಲ್ಲರೂ ಅರ್ಧವೃತ್ತದಲ್ಲಿ ಕೂರುತ್ತಾರೆ. ಪ್ರತಿಯೊಬ್ಬನೂ ತನ್ನ ಎಡಗಡೆ ಕುಳಿತವನ ಮೈ ಹೇಗಿದೆ ಎಂದು ಹೇಳಬೇಕು. ತನ್ನದನ್ನು ಹೇಳುವಂತಿಲ್ಲ.

"ತನ್ನ ಮೈ ಸುದ್ದಿ ಕೇಳಿದ್ರ ಯಾರೂ ಖರೇ ಹೇಳಂಗಿಲ್ಲ," ಎಂದು ಕೋಚ್ ನನ್ನ ಕಡೆ ತಿರುಗಿ ವಿವರಿಸಿದರು. "ಕಾಲು ಮುರದು ಕೈಯಾಗ ಹಿಡಕೊಂಡು ಬಂದವನೂ ಛಲೋ ಅದ ಅಂತಾನ."

ಸುತ್ತು ಶುರುವಾಯಿತು. ಇವನ ಸೊಂಟ ಬಿಗಿದಿದೆ ಎಂದು ಒಬ್ಬ. ಇವನಿಗೆ ನಿದ್ದೆಯಾಗಿಲ್ಲ, ಕೂಸು ಅತ್ತಿದೆ ಎಂದು ಇನ್ನೊಬ್ಬ. ಇವನ ಬೆರಳು ಊದಿದೆ, ಆದರೆ ಇವನು ಊದಿಲ್ಲದಾಗಲೂ ಚೆಂಡು ಬಿಡುತ್ತಾನೆ ಎಂದು ಮತ್ತೊಬ್ಬ. ನಗು. ಆಮೇಲೆ ರೂಬೆನ್‌ನ ಸರದಿ. ಅವನ ಎಡಗಡೆ ಡೇರಿಯನ್ ಕುಳಿತಿದ್ದ.

ರೂಬೆನ್ ಹುಡುಗನ ಕಾಲನ್ನೊಮ್ಮೆ ನೋಡಿದ. ಕೋಣೆಗೆ ಅರ್ಥವಾಯಿತು. ನನಗೂ ಆಯಿತು. ಈ ಹುಡುಗನ ಕಾಲು ಕೆಟ್ಟಿದೆ ಎಂದರೆ ಉಳಿಯುವ ಜಾಗ ಹೇಳಿದವನದು. ಛಲೋ ಇದೆ ಎಂದರೆ ಹುಡುಗ ಪಂದ್ಯಕ್ಕೆ ಇಳಿಯುತ್ತಾನೆ, ಅರ್ಧ ಹರಿದಿರಬಹುದಾದ ಸ್ನಾಯು ಪೂರ್ತಿ ಹರಿಯುತ್ತದೆ.

"ಬಲಗಾಲು," ಎಂದ ರೂಬೆನ್. "ತೊಡೀ ಹಿಂದ. ನಿನ್ನೆಯಿಂದ ಪೂರಾ ಹೆಜ್ಜಿ ಹಾಕಿಲ್ಲ. ಎಡಕ್ಕ ತಿರಗೂ ಮುಂದ ಒಂದು ಸಣ್ಣ ಹೆಜ್ಜಿ ಕದಿಯಲಿಕ್ಕ ಹತ್ತ್ಯಾನ."

ಡೇರಿಯನ್ ಅವನತ್ತ ತಿರುಗಿದ. "ಅಣ್ಣಾ, ಇದನ್ನ ಇಲ್ಲಿ ಹೇಳಬೇಕಾಗಿತ್ತೇನು?"

ಅವನು ಅಣ್ಣಾ ಎನ್ನಲಿಲ್ಲ, ಅಲ್ಲಿನ ಬೇರೇನೋ ಪದ ಬಳಸಿದ. ಶೈಲಾ ನನಗೆ ಅಣ್ಣಾ ಎಂದೇ ಹೇಳಿದಳು.

"ಇಲ್ಲೇ ಹೇಳಬೇಕಾಗಿತ್ತು," ಎಂದ ರೂಬೆನ್.

"ನಿನ್ನ ಜಾಗಾ ಗಟ್ಟಿ ಆತು ಬಿಡು."

ಕೋಚ್ ಮುಂದಿನವನ ಕಡೆ ಬೆರಳು ತೋರಿಸಿದರು. ಸುತ್ತು ಮುಂದುವರಿಯಿತು.

ಕಿತ್ತೂರಿನಲ್ಲಿ ನಾನು ಎಷ್ಟೋ ಕಬಡ್ಡಿ ಪಂದ್ಯಗಳ ವರದಿ ಮಾಡಿದ್ದೇನೆ. ಪಾದ ಹೊರಳಿದವನಿಗೆ ಅರಿಶಿನ ಮೆತ್ತಿ, ಪಟ್ಟಿ ಸುತ್ತಿ, ಮತ್ತೆ ಅಂಕಣಕ್ಕೆ ಬಿಡುತ್ತಾರೆ. ಅವನು ಕುಂಟುತ್ತ ಹೋದಾಗಲೇ ಚಪ್ಪಾಳೆ ಹೆಚ್ಚು. ಆ ಚಪ್ಪಾಳೆಯನ್ನು ನಾನೂ ಬರೆದಿದ್ದೇನೆ, ತಲೆಬರಹದಲ್ಲಿ. ಈ ಕೋಣೆಯಲ್ಲಿ ಚಪ್ಪಾಳೆ ಇರಲಿಲ್ಲ.

ಶೈಲಾಳ ಕಾರು

ಅಂದು ಡೇರಿಯನ್‌ನ ತೊಡೆಯ ಸ್ಕ್ಯಾನ್ ತೆಗೆಸಿ ನೋಡಿದರು. ರೂಬೆನ್ ಹೇಳಿದ ಜಾಗದಲ್ಲೇ ಸ್ನಾಯು ಹರಿದಿತ್ತು. ಇನ್ನೂ ಒಂದು ದಿನ ಓಡಿದ್ದರೆ ಹಂಗಾಮು ಹೋಗುತ್ತಿತ್ತು. ಈಗ ಐದಾರು ವಾರದಲ್ಲಿ ಕೂಡಿಕೊಳ್ಳುತ್ತದೆ ಎಂದು ವೈದ್ಯರ ಅಂದಾಜು.

"ಹಂಗಾರ ಛಲೋ ಆತಲ್ಲ," ಎಂದೆ ಮನೆಗೆ ಬರುವಾಗ.

"ಕಾಲಿಗೆ ಛಲೋ ಆತು ಕಾಕಾ. ಹುಡುಗನ ಪಾಡು ಹೇಳಲಿಕ್ಕ ಆಗವಲ್ದು."

ಅವಳು ಬಿಡಿಸಿ ಹೇಳಿದಳು. ಐವತ್ಮೂರರ ಪಟ್ಟಿ ಹೊರಬೀಳುವ ಮೊದಲೇ ಗಾಯಾಳು ಎಂದು ಬದಿಗಿಟ್ಟವನಿಗೆ ಆ ಹಂಗಾಮು ಪೂರ್ತಿ ಮುಚ್ಚಿದಂತೆ. ಇಬ್ಬರಿಗೆ ಮಾತ್ರ ವಿನಾಯಿತಿ ಉಂಟು, ಅದು ಪಾದದವನಿಗೂ ಭುಜದವನಿಗೂ ಹೋಗಿತ್ತು. ಪಟ್ಟಿಯಲ್ಲಿ ಹೆಸರು ಬಂದು, ಮರುದಿನ ಬದಿಗೆ ಸರಿದವನು ಕೆಲವು ಪಂದ್ಯಗಳ ನಂತರ ಮರಳಬಹುದು. ಅಂದರೆ ಡೇರಿಯನ್ ಒಂದು ದಿನ ಪಟ್ಟಿಯಲ್ಲಿರಬೇಕು. ಓಡಲಾಗದವನಿಗೆ ಆ ಒಂದು ದಿನದ ಜಾಗ ಕೊಡಲು, ಓಡಬಲ್ಲ ಯಾರನ್ನಾದರೂ ಬಿಡಬೇಕು.

"ಯಾರನ್ನರ ಬಿಟ್ಟು, ಮರುದಿನ ಕರಕೊಂಡ್ರಾತು," ಎಂದೆ.

"ಹೊಸಾ ಹುಡುಗರನ್ನ ಬಿಟ್ಟ್ರ ಬ್ಯಾರೆ ತಂಡದವರು ಹಕ್ಕಿನಿಂದ ಎತ್ತಿಕೊಂಡು ಹೋಗತಾರ. ಹಳಬರನ್ನ ಹಂಗ ಎತ್ತಲಿಕ್ಕ ಬರಂಗಿಲ್ಲ. ಅವರು ತಮ್ಮ ಮನಸ್ಸಿಗೆ ಬಂದಲ್ಲೆ ಹೋಗಬಹುದು, ತಿರುಗಿ ಬರಬಹುದು."

"ಹಳಬ ಅಂದ್ರ ರೂಬೆನ್."

"ಹೌದ್ರಿ. ಆದ್ರ ಅವನು ಯಾಕ ಒಪ್ಪಬೇಕು? ಕಾಗದಾ ಇಲ್ಲ, ಸಹಿ ಇಲ್ಲ. ಬರೇ ಮಾತು. ಆ ರಾತ್ರಿ ಇವರಿಗೆ ಬ್ಯಾರೆ ಛಲೋ ಆಟಗಾರ ಸಿಕ್ಕ್ರ, ಇವನ ಜಾಗಾ ಹೋತು. ಈ ವಯಸ್ಸಿನಾಗ ಹೋದ ಜಾಗಾ ಹೋದಂಗ."

ತಣ್ಣೀರಿನ ತೊಟ್ಟಿ

ಮರುದಿನ ರೂಬೆನ್ ಮಂಜುಗಡ್ಡೆ ಹಾಕಿದ ನೀರಿನ ತೊಟ್ಟಿಯಲ್ಲಿ ಎದೆಮಟ್ಟ ಕೂತಿದ್ದ. ಆಟಗಾರರು ದಿನಾಲೂ ಹೀಗೆ ಕೂರುತ್ತಾರೆ. ಪಕ್ಕದಲ್ಲಿ ಸ್ಟೂಲಿನ ಮೇಲೆ ನಾನು, ನಡುವೆ ಶೈಲಾ. ಅವನೇ ಮಾತು ತೆಗೆದ. ಆಡಳಿತದವರ ಕೋಣೆಗೆ ಬೆಳಿಗ್ಗೆ ತಾನೇ ಹೋಗಿ, ನನ್ನನ್ನು ಒಂದು ದಿನ ಬಿಡಿ ಎಂದು ಹೇಳಿ ಬಂದಿದ್ದನಂತೆ.

"ಅವರು ಏನಂದ್ರು?" ಎಂದು ಕೇಳಿದೆ.

"ಕೈ ಕುಲುಕಿದ್ರು."

ನಾನು ಸುಮ್ಮನಿರಬಹುದಿತ್ತು. ಆದರೆ ವೃತ್ತಿಯ ಅಭ್ಯಾಸ. ರಾಮದುರ್ಗದ ಕಡೆಯ ಒಂದು ಪಂಚಾಯಿತಿಯ ಕಥೆ ಹೇಳಿದೆ. ಹೆಸರು ಬೇಡ. ಅಧ್ಯಕ್ಷಗಿರಿಗೆ ಇಬ್ಬರು ನಿಂತಿದ್ದರು. ಹಿರಿಯರು ಕೂಡಿ, ಅರ್ಧ ಅವಧಿ ಅವನು, ಅರ್ಧ ಅವಧಿ ಇವನು ಎಂದು ಒಳಗೇ ಒಪ್ಪಂದ ಮಾಡಿಸಿದರು. ಗುಡಿಯಲ್ಲಿ ತೆಂಗಿನಕಾಯಿ ಮುಟ್ಟಿ ಆಣೆಯಾಯಿತು. ಅರ್ಧ ಅವಧಿ ಮುಗಿದ ದಿನ ಎರಡನೆಯವನು ಹೊಸ ಅಂಗಿ ಹಾಕಿಕೊಂಡು ಕಚೇರಿಗೆ ಬಂದ. ಕುರ್ಚಿಯಲ್ಲಿದ್ದವನು, "ಬರ್ರಿ, ಚಾ ಕುಡೀರಿ," ಎಂದ. ಚಹಾ ಕುಡಿಸಿದ. ಮರುದಿನವೂ ಕುಡಿಸಿದ. ಅವಧಿ ಪೂರ್ತಿ ಮುಗಿಯುವವರೆಗೂ ಚಹಾ ಕುಡಿಸುತ್ತಲೇ ಇದ್ದ. ಇಂಥ ಒಪ್ಪಂದಗಳ ಸುದ್ದಿಯನ್ನು ನಾನು ಬಹಳ ಬರೆದಿದ್ದೇನೆ, ಹೇಳಿದ ದಿನ ಎದ್ದು ಹೋದವರ ಸುದ್ದಿ ಬರೆಯುವ ಪ್ರಸಂಗ ಕಡಿಮೆ.

ಶೈಲಾ ಇದನ್ನು ಇಂಗ್ಲಿಷಿಗೆ ತಿರುಗಿಸಿದಾಗ ರೂಬೆನ್ ನಕ್ಕು ತೊಟ್ಟಿಯ ನೀರು ಚೆಲ್ಲಿದ. ನನ್ನ ಪ್ಯಾಂಟು ಮೊಣಕಾಲಿನವರೆಗೆ ತೋಯಿತು. ಆ ನೀರಿನಲ್ಲಿ ಮನುಷ್ಯ ಕೂರುವುದಾದರೂ ಹೇಗೆ ಎಂದು ಆಗ ತಿಳಿಯಿತು.

"ಚಾ ಅರ ಛಲೋ ಇತ್ತೇನು?" ಎಂದು ಕೇಳಿದ.

"ನಿಮಗ ಅಂಜಿಕಿ ಇಲ್ಲೇನು?" ಎಂದೆ.

ಅವನು ನಗು ನಿಲ್ಲಿಸಿದ. "ಅದ. ಆದ್ರ ಆ ಹುಡುಗನ ಕಾಲಿನ ಸುದ್ದಿ ಹೇಳಿದಾಂವ ನಾ. ಹೇಳಿ ನಾ ಒಳಗ ಉಳದು, ಅಂವಾ ಹೊರಗ ಹೋದ್ರ, ನಾಳಿಯಿಂದ ಆ ಕೋಣ್ಯಾಗ ಯಾರು ಖರೇ ಹೇಳತಾರ?"

ಡೇರಿಯನ್‌ಗೆ ತಿಳಿಸಿದ್ದೀರಾ ಎಂದು ಕೇಳಿದೆ. ಇಲ್ಲ ಎಂದ. ಒಪ್ಪಂದ ಬಾಯಿಂದ ಬಾಯಿಗೆ ಹೋದರೆ ಕೆಡುತ್ತದೆ. ಹುಡುಗ ಇನ್ನೂ ಅವನೊಡನೆ ಮಾತಾಡುತ್ತಿರಲಿಲ್ಲ.

ಪಟ್ಟಿಯ ದಿನ

ಆ ದಿನ ಕಟ್ಟಡದಲ್ಲಿ ಸದ್ದಿರಲಿಲ್ಲ. ಆಡಳಿತದ ಒಬ್ಬ ಯುವಕ ಬೆಳಿಗ್ಗೆಯಿಂದ ಓಡಾಡುತ್ತಿದ್ದ. ಅವನು ಯಾರ ಹೆಗಲು ಮುಟ್ಟುತ್ತಾನೋ ಅವರು ಎದ್ದು ಹೋಗಬೇಕು. ಕಾರಿಡಾರಿನಲ್ಲಿ ಅವನು ಕಂಡರೆ ಎತ್ತಿನಂಥ ಗಂಡಸರು ಬಚ್ಚಲಿಗೆ ಹೋಗಿ ನಿಲ್ಲುತ್ತಿದ್ದರು. ಅವನು ಊಟಕ್ಕೆ ಕೂತಾಗ ಅವನ ಟೇಬಲ್ಲಿಗೆ ಯಾರೂ ಬರಲಿಲ್ಲ. ಜಾಗ ಖಾಲಿಯಿದೆ ಎಂದು ನಾನು ಹೋಗಿ ಕೂತೆ. ಇಡೀ ಊಟದ ಮನೆ ನನ್ನನ್ನು ಕರುಣೆಯಿಂದ ನೋಡಿತು.

ಮಧ್ಯಾಹ್ನ ರೂಬೆನ್‌ನ ಹೆಗಲು ಮುಟ್ಟಿದರು. ಅವನ ಕಪಾಟಿನ ಮೇಲಿನ ಹೆಸರಿನ ಫಲಕವನ್ನು ಸಾಮಾನಿನ ಮನೆಯವನು ಬಿಚ್ಚಿದ. ಬೂಟುಗಳು ಚೀಲಕ್ಕೆ ಹೋದವು. ಒಪ್ಪಂದವಿದ್ದರೂ ಯಾವ ಶಾಸ್ತ್ರವನ್ನೂ ಬಿಡಲಿಲ್ಲ. ಡೇರಿಯನ್ ಆ ಖಾಲಿ ಕಪಾಟಿನ ಮುಂದೆ ನಿಂತು, ಶೈಲಾ ಹಾದುಹೋಗುವಾಗ ತಡೆದ.

"ನನಗ ಓಡಲಿಕ್ಕ ಬರಂಗಿಲ್ಲ, ನನ್ನ ಇಟಕೊಂಡಾರ. ಅಂವಾ ಓಡತಾನ, ಅವನ್ನ ಕಳಿಸ್ಯಾರ. ಯಾಕ?"

"ಅವಗ ಫೋನ್ ಮಾಡಿ ಕೇಳು," ಎಂದಳು. ಅವಳಿಗೆ ಹೇಳಲು ಅಷ್ಟೇ ಅಧಿಕಾರ.

ಸಂಜೆ ಟಿವಿಯಲ್ಲಿ ಬೇರೆ ತಂಡಗಳು ಬಿಟ್ಟವರ ಹೆಸರು ಬರುತ್ತಿದ್ದವು. ರೂಬೆನ್‌ಗಿಂತ ಚಿಕ್ಕವನಾದ, ವೇಗದ ಒಬ್ಬ ರಿಸೀವರ್‌ನ ಹೆಸರೂ ಬಂತು. ಶೈಲಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ನಿಮ್ಮ ತಂಡದವರು ಇವನ್ನ ತಗೊಂಡ್ರ?" ಎಂದೆ.

"ರೂಬೆನ್‌ಗ ಕೇಳಲಿಕ್ಕ ಬಾಯಿ ಇಲ್ಲ ಕಾಕಾ. ಏನಂತ ಕೇಳತಾನ? ಕೈ ಕುಲುಕಿದ್ರಿ ಅಂತೇನು?"

ನನಗೆ ಪಂಚಾಯಿತಿಯ ಚಹಾ ನೆನಪಾಗಿ, ಆ ಕಥೆಯನ್ನು ಯಾಕಾದರೂ ಹೇಳಿದೆನೋ ಎನಿಸಿತು. ಕಾರಿನಿಂದ ಶೇಂಗಾ ಚಟ್ನಿ ತಂದು ಮುಂದಿಟ್ಟೆ. ಅವಳು ಅದನ್ನೂ ಮುಟ್ಟಲಿಲ್ಲ.

ಗೇಟು

ಮರುದಿನ ಬೆಳಿಗ್ಗೆ ನಾವು ಹೋದಾಗ ಗೇಟಿನ ಕಿಟಕಿಯಲ್ಲಿ ನನಗಿಂತ ಮುಂದೆ ರೂಬೆನ್ ನಿಂತಿದ್ದ, ಹೆಗಲಿಗೆ ಚೀಲ. ಅವನ ಕಾರ್ಡು ಗೇಟನ್ನು ತೆರೆಯುತ್ತಿರಲಿಲ್ಲ. ಕಾವಲುಗಾರ ಬಿಳಿಮೀಸೆಯ ಮನುಷ್ಯ, ಹಳಬ.

"ಹೆಸರು?" ಎಂದ.

"ನಿನಗ ಗೊತ್ತಿಲ್ಲೇನು?"

"ನನಗ ಗೊತ್ತದ. ಮಷೀನಿಗೆ ಗೊತ್ತಿಲ್ಲ."

ರೂಬೆನ್ ಹೆಸರು ಹೇಳಿದ. ಕಾವಲುಗಾರ ಅದನ್ನು ಒಂದು ಕಾಗದದ ಚೀಟಿಯ ಮೇಲೆ ಬರೆದು, ಅಂಟು ಸುಲಿದು, ಅವನ ಎದೆಗೆ ಅಂಟಿಸಿದ. ಮೇಲುಗಡೆ ಅತಿಥಿ ಎಂದು ಅಚ್ಚಾಗಿತ್ತು. ನನಗೂ ಅಂಥದೇ ಒಂದು ಬಂತು. ರೂಬೆನ್ ನನ್ನ ಎದೆಯನ್ನೂ ತನ್ನ ಎದೆಯನ್ನೂ ನೋಡಿಕೊಂಡ.

"ಎರಡು ತಂಡದವರು ಫೋನ್ ಮಾಡಿದ್ರು," ಎಂದ ಶೈಲಾಗೆ, ಮೆಲ್ಲಗೆ. "ಇವತ್ತು ಬಾ ಅಂದ್ರು. ಇಲ್ಲೆ ಒಂದು ಕೆಲಸ ಅದ ಅಂದೆ."

"ನಮ್ಮವರು ಫೋನ್ ಮಾಡಿದ್ರೇನು?"

"ಇಲ್ಲ. ಮಾಡತಾರ ಅಂತ ದಾರಿ ನೋಡಲಿಲ್ಲ. ಬಂದೆ."

ಕಾವಲುಗಾರ ಒಳಗೆ ಫೋನ್ ಮಾಡಿದ. ಆಡಳಿತದವರೆಲ್ಲ ಬಾಗಿಲು ಹಾಕಿಕೊಂಡು ಸಭೆಯಲ್ಲಿದ್ದರು. ನಿಯಮದ ಪ್ರಕಾರ, ಹೊರಗಿನ ಆಟಗಾರನನ್ನು ಆಡಳಿತದವರು ಅಥವಾ ಪಟ್ಟಿಯಲ್ಲಿರುವ ಆಟಗಾರ ಬಂದು ಒಳಗೆ ಕರೆದೊಯ್ಯಬೇಕು. ನನ್ನನ್ನು ಕರೆದೊಯ್ಯಲು ಶೈಲಾ ಸಾಕು. ರೂಬೆನ್‌ಗೆ ಸಾಲದು. ನನಗೆ ಗೇಟು ತೆರೆಯುತ್ತಿತ್ತು, ಹತ್ತು ವರ್ಷ ಆಡಿದವನಿಗೆ ತೆರೆಯುತ್ತಿರಲಿಲ್ಲ. ನಾನು ಒಳಗೆ ಹೋಗಲಿಲ್ಲ. ಅಲ್ಲೇ ನಿಂತೆವು.

ಸ್ವಲ್ಪ ಹೊತ್ತಿಗೆ ಕಟ್ಟಡದ ಬಾಗಿಲು ತೆರೆದು ಡೇರಿಯನ್ ಹೊರಬಂದ. ಬಲದೊಡೆಗೆ ದಪ್ಪ ಪಟ್ಟಿ ಸುತ್ತಿತ್ತು. ಆ ಉದ್ದನೆಯ ದಾರಿಯಲ್ಲಿ ಅವನು ಒಂದೊಂದೇ ಹೆಜ್ಜೆ ಹಾಕುತ್ತ ಬರುವುದನ್ನು ನಾವು ನಾಲ್ವರೂ ನೋಡುತ್ತ ನಿಂತೆವು. ಹಿಂದಿನ ರಾತ್ರಿ ಅವನು ರೂಬೆನ್‌ಗೆ ಫೋನ್ ಮಾಡಿದ್ದನೆಂದು ಆಮೇಲೆ ಗೊತ್ತಾಯಿತು. ಏನು ಮಾತಾಡಿದರೋ ಗೊತ್ತಿಲ್ಲ, ನಾನು ಕೇಳಲಿಲ್ಲ.

ಗೇಟಿನ ಸರಳು ಹಿಡಿದುಕೊಂಡು ಕಾವಲುಗಾರನಿಗೆ ಹೇಳಿದ: "ಇವರನ್ನ ಬಿಡ್ರಿ. ನನ್ನ ಕೂಡ ಬಂದಾರ."

"ನೀ ಪಟ್ಟಿಯೊಳಗ ಇದ್ದೀಯೇನು?"

"ಇವತ್ತು ಮಧ್ಯಾಹ್ನದ ತನಕ ಇದ್ದೇನಿ," ಎಂದ ಡೇರಿಯನ್. "ಆಮ್ಯಾಲೆ ಆ ಜಾಗಾ ಇವರದು. ಸಭಾದ ಬಾಗಿಲಾ ಬಡದು, ಮ್ಯಾಲಿನವರನ್ನ ಕೇಳಿಕೊಂಡೇ ಬಂದೇನಿ."

ರೂಬೆನ್ ಮೊದಲ ಬಾರಿ ತಲೆ ತಗ್ಗಿಸಿದ. ಕಾವಲುಗಾರ ಗುಂಡಿ ಒತ್ತಿದ. ಇಬ್ಬರೂ ಕಟ್ಟಡದ ಕಡೆ ಹೊರಟರು. ಡೇರಿಯನ್ ಕಾಲೆಳೆದುಕೊಂಡು ನಡೆಯುತ್ತಿದ್ದ. ರೂಬೆನ್ ತನ್ನ ಹೆಜ್ಜೆಯನ್ನು ಅವನಷ್ಟೇ ಸಣ್ಣದು ಮಾಡಿಕೊಂಡ.